ಕ್ಯಾಸ್ಪೇಸ್-3 ಬ್ಯಾಂಡ್ ಇಲ್ಲ, ಪಾರ್ಪ್ ಮಾತ್ರ ತುಂಡಾಗಿದೆ: ಇದು ಅಪೊಪ್ಟೋಸಿಸ್ ಹೌದೋ ಅಲ್ಲವೋ?

ಬೆಂಚ್_ನಾಲ್ಕು

ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಗಳು, ಒಂದು ಗಿಡದ ಮೆಥನಾಲ್ ಸಾರ, 24 ಗಂಟೆ. ಎಂಟಿಟಿ (ಬದುಕಿರುವ ಕೋಶಗಳನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಓದು ಅರ್ಧಕ್ಕೆ ಇಳಿಯುತ್ತದೆ, ಫ್ಲೋ ಸೈಟೊಮೆಟ್ರಿಯಲ್ಲಿ ಅನೆಕ್ಸಿನ್ ಅಂಟಿದ ಕೋಶಗಳು ಕಂಟ್ರೋಲ್‌ಗಿಂತ ಸ್ಪಷ್ಟವಾಗಿ ಹೆಚ್ಚು. ವೆಸ್ಟರ್ನ್ ಬ್ಲಾಟ್‌ನಲ್ಲಿ ಪಾರ್ಪ್ ಎಂಬ ಡಿಎನ್‌ಎ ದುರಸ್ತಿಯ ಪ್ರೋಟೀನ್‌ನ 89 ಕಿಲೋಡಾಲ್ಟನ್ ತುಂಡು ಚೆನ್ನಾಗಿ ಕಾಣುತ್ತದೆ. ಆದರೆ ಸಾವಿನ ಹಾದಿಯಲ್ಲಿ ಪ್ರೋಟೀನ್ ಕತ್ತರಿಸುವ ಕಿಣ್ವವಾದ ಕ್ಯಾಸ್ಪೇಸ್-3ರ 17 ಕಿಲೋಡಾಲ್ಟನ್ ತುಂಡಿನ ಸುಳಿವೇ ಇಲ್ಲ, ಅಗರೋಸ್ ಜೆಲ್‌ನಲ್ಲಿ ಡಿಎನ್‌ಎ ಏಣಿಯೂ ಇಲ್ಲ. ಈ ಫಲಿತಾಂಶ ಇಟ್ಟುಕೊಂಡು ಅಪೊಪ್ಟೋಸಿಸ್ (ಕೋಶ ತಾನೇ ಕ್ರಮಬದ್ಧವಾಗಿ ಸಾಯುವುದು) ಎಂದು ಬರೆಯಬಹುದೇ? ಇನ್ನೊಂದು: ಪಠ್ಯಪುಸ್ತಕದ ಚಿತ್ರದಲ್ಲಿ ಬಾಣದ ಗುರುತುಗಳಷ್ಟೇ ಇರುತ್ತವೆ. ಈ ಕಿಣ್ವಗಳನ್ನು ತಡೆದು ಹಿಡಿಯುವುದು ಯಾವುದು, ಬಿಡುವುದು ಯಾವುದು ಅಂತ ಬಲ್ಲವರು ಬಿಡಿಸಿ ಹೇಳಿದರೆ ಉಪಕಾರ.

ಗೆಲ್‌ಡಾಕ್

ನಿಮ್ಮ ಬ್ಲಾಟ್ ಸರಿಯಾಗಿಯೇ ಇದೆ. ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3 ಇಲ್ಲವೇ ಇಲ್ಲ. ಅದರ ಜೀನ್‌ನ ಮೂರನೇ ಎಕ್ಸಾನ್‌ನಲ್ಲಿ 47 ಬೇಸ್‌ಗಳು ಬಿಟ್ಟುಹೋಗಿವೆ, ಹಾಗಾಗಿ ಪ್ರೋಟೀನ್ ತಯಾರಾಗುವುದಿಲ್ಲ. ಇಲ್ಲದ ಕಿಣ್ವದ ತುಂಡು ಎಷ್ಟು ಹೊತ್ತು ಎಕ್ಸ್‌ಪೋಸ್ ಮಾಡಿದರೂ ಬರದು.

ಡಿಎನ್‌ಎ ಏಣಿ ಬಾರದಿರುವುದಕ್ಕೂ ಕಾರಣ ಅದೇ. ಡಿಎನ್‌ಎಯನ್ನು ಸುಮಾರು 180 ಬೇಸ್‌ಜೋಡಿಗಳ ಅಂತರದಲ್ಲಿ ಕತ್ತರಿಸುವ ಕ್ಯಾಡ್ ಎಂಬ ನ್ಯೂಕ್ಲಿಯೇಸ್ ಮಾಮೂಲಿ ಕೋಶದಲ್ಲಿ ಐಕ್ಯಾಡ್ ಎಂಬ ಜತೆಗಾರನ ಹಿಡಿತದಲ್ಲಿರುತ್ತದೆ. ಐಕ್ಯಾಡನ್ನು ಕತ್ತರಿಸಿ ಕ್ಯಾಡನ್ನು ಬಿಡಿಸುವ ಕೆಲಸ ಮುಖ್ಯವಾಗಿ ಕ್ಯಾಸ್ಪೇಸ್-3ರದ್ದು. ಅದಿಲ್ಲದಿದ್ದರೆ ಕೋಶ ಸಾಯುತ್ತದೆ, ಏಣಿ ಮೂಡುವುದಿಲ್ಲ. ಪಾರ್ಪನ್ನು ತುಂಡರಿಸಲು ಮಾತ್ರ ಕ್ಯಾಸ್ಪೇಸ್-7 ಒಂದೇ ಸಾಕು, ಅದು ಈ ಕೋಶದಲ್ಲಿ ಇದೆ. 116 ಕಿಲೋಡಾಲ್ಟನ್‌ನ ಪಾರ್ಪ್ 89 ಮತ್ತು 24 ಆಗಿ ಒಡೆದಿರುವುದು ಅದರ ಕೈಚಳಕ.

ಮಾಡಬೇಕಾದದ್ದು: ಕತ್ತರಿಸಿದ ಕ್ಯಾಸ್ಪೇಸ್-7ರ ಆಂಟಿಬಾಡಿ ಹಾಕಿ. ಪೂರ್ಣ ರೂಪ 35, ಕತ್ತರಿಸಿದ ದೊಡ್ಡ ಉಪಘಟಕ 20 ಕಿಲೋಡಾಲ್ಟನ್. ಪಕ್ಕದ ಲೇನ್‌ನಲ್ಲಿ, ಅಪೊಪ್ಟೋಸಿಸ್ ಉಂಟುಮಾಡುವ ಸ್ಟೌರೊಸ್ಪೊರಿನ್ 1 ಮೈಕ್ರೊಮೋಲಾರ್, 4 ಗಂಟೆ ಕೊಟ್ಟ ಜರ್ಕಾಟ್ ಅಥವಾ ಹೀಲಾ ಕೋಶಗಳ ಲೈಸೇಟ್ (ಕೋಶ ಒಡೆದು ತೆಗೆದ ರಸ) ಇರಲಿ. ಆಂಟಿಬಾಡಿ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ.

ಸಿಸ್ಟೀನ್_163

ಎರಡನೇ ಪ್ರಶ್ನೆಗೆ ಬರುತ್ತೇನೆ. ಬಹಳ ಜನ ತಿಳಿದಿರುವುದಕ್ಕೆ ವಿರುದ್ಧವಾಗಿ, ಸಾವಿನ ಸೂಚನೆ ಬಂದ ಮೇಲೆ ಕೋಶ ಈ ಕಿಣ್ವಗಳನ್ನು ತಯಾರಿಸುವುದಿಲ್ಲ. ಆರೋಗ್ಯವಂತ ಕೋಶದಲ್ಲೂ ಅವು ಮೊದಲೇ ಇರುತ್ತವೆ, ನಿಷ್ಕ್ರಿಯ ರೂಪದಲ್ಲಿ. ಕೊಡಲಿ ಮನೆಯಲ್ಲೇ ಇದೆ, ಕಾವು ಹಾಕಿಲ್ಲ, ಅಷ್ಟೇ. ಆದ್ದರಿಂದ ನಿಯಂತ್ರಣವೆಲ್ಲ ಬೀಗಗಳ ಮೇಲೆ ನಿಂತಿದೆ. ಒಂದೊಂದು ಬೀಗದ ರೀತಿ ಒಂದೊಂದು ಥರ.

ಕ್ಯಾಸ್ಪೇಸ್‌ಗಳು ಸಿಸ್ಟೀನ್ ಪ್ರೋಟಿಯೇಸ್‌ಗಳು. ಕತ್ತರಿಸುವ ಕೆಲಸಕ್ಕೆ ಒಂದು ಸಿಸ್ಟೀನ್, ಅದರ ಜತೆ ಒಂದು ಹಿಸ್ಟಿಡೀನ್. ಗುರಿ ಪ್ರೋಟೀನ್‌ನಲ್ಲಿ ಆಸ್ಪಾರ್ಟಿಕ್ ಆಮ್ಲದ ಘಟಕ ಆದ ಕೂಡಲೇ ಕತ್ತರಿ ಹಾಕುತ್ತವೆ. ಬೇರೆಡೆ ಕೈ ಹಾಕುವುದು ತೀರಾ ಅಪರೂಪ. ಆಹಾರ ಜೀರ್ಣಿಸುವ ಟ್ರಿಪ್ಸಿನ್‌ನಂತೆ ಪ್ರೋಟೀನನ್ನು ಪುಡಿಗಟ್ಟುವುದಿಲ್ಲ, ಒಂದೆರಡು ಕಡೆ ಕೊಯ್ದು ಅದರ ಕೆಲಸವನ್ನೇ ಬದಲಿಸಿಬಿಡುತ್ತವೆ. ರಾಕ್-1 ಎಂಬ ಕೈನೇಸ್‌ನ ಬಾಲ ಕತ್ತರಿಸಿದರೆ ಅದು ಸದಾ ಚಾಲೂ ಆಗಿ ಕೋಶದ ಪೊರೆ ಗುಳ್ಳೆಗುಳ್ಳೆಯಾಗುತ್ತದೆ. ಎಕ್ಸ್‌ಕೆಆರ್-8 ಎಂಬ ಪೊರೆಯ ಪ್ರೋಟೀನನ್ನು ಕತ್ತರಿಸಿದರೆ ಒಳಪದರದ ಫಾಸ್ಫಟಿಡೈಲ್‌ಸೆರೀನ್ ಹೊರಪದರಕ್ಕೆ ಬರುತ್ತದೆ. ನಿಮ್ಮ ಅನೆಕ್ಸಿನ್ ಹಿಡಿಯುವುದು ಅದನ್ನೇ.

ಇವುಗಳಲ್ಲಿ ಎರಡು ದರ್ಜೆ. ಆರಂಭಕಗಳು 8, 9, 10 (2ನ್ನೂ ಇಲ್ಲೇ ಸೇರಿಸುತ್ತಾರೆ). ಕಾರ್ಯನಿರ್ವಾಹಕಗಳು 3, 6, 7. ಆರಂಭಕಗಳು ಒಂಟಿ ಅಣುಗಳಾಗಿ ತೇಲಾಡುತ್ತಿರುತ್ತವೆ. ಒಂದು ವೇದಿಕೆಯ ಮೇಲೆ ಅಕ್ಕಪಕ್ಕ ಬಂದು ಜೋಡಿಯಾದರೆ ಸಾಕು, ಕೆಲಸ ಶುರು. ಕಾರ್ಯನಿರ್ವಾಹಕಗಳು ಹುಟ್ಟಿನಿಂದಲೇ ಜೋಡಿ, ಆದರೂ ನಿಷ್ಕ್ರಿಯ; ನಡುವಿನ ಕೊಂಡಿಯನ್ನು ಆರಂಭಕ ಬಂದು ಕತ್ತರಿಸಬೇಕು. ಕ್ಯಾಸ್ಪೇಸ್-3ರಲ್ಲಿ ಆ ಜಾಗ ಆಸ್ಪಾರ್ಟೇಟ್-175. ಕತ್ತರಿಸಿದ ರೂಪಕ್ಕೆ ಮಾತ್ರ ಅಂಟುವ ಆಂಟಿಬಾಡಿಗಳ ಹೆಸರಿನ ಜತೆ 175 ಎಂದಿರುವುದು ಅದಕ್ಕೇ.

ತುಂಗಾತೀರ

ಜೋಡಿಯಾದರೆ ಸಾಕು ಅನ್ನುತ್ತೀರಿ. ಹಾಗಾದರೆ ಬ್ಲಾಟ್‌ನಲ್ಲಿ ಕ್ಯಾಸ್ಪೇಸ್-9ರ ತುಂಡು ನೋಡಿ "ಸಕ್ರಿಯವಾಗಿದೆ" ಎಂದು ಎಲ್ಲರೂ ಬರೆಯುತ್ತಾರಲ್ಲ, ಅದು ತಪ್ಪೇ?

ಸಿಸ್ಟೀನ್_163

ಅರ್ಧ ತಪ್ಪು. ಕ್ಯಾಸ್ಪೇಸ್-9 ಕೆಲಸ ಮಾಡಲು ತುಂಡಾಗಬೇಕಿಲ್ಲ, ಅಪೊಪ್ಟೊಸೋಮ್ ಎಂಬ ವೇದಿಕೆಯ ಮೇಲೆ ಕೂತಿರಬೇಕು. ಅಲ್ಲಿ ಕೂತಾಗ ಅದು ತನ್ನನ್ನೇ ಆಸ್ಪಾರ್ಟೇಟ್-315ರಲ್ಲಿ ಕತ್ತರಿಸಿಕೊಳ್ಳುತ್ತದೆ, 35 ಕಿಲೋಡಾಲ್ಟನ್ ತುಂಡು ಬರುತ್ತದೆ. ಕ್ಯಾಸ್ಪೇಸ್-3 ಎಚ್ಚೆತ್ತ ಮೇಲೆ ಹಿಂದಿರುಗಿ ಇದನ್ನು 330ರಲ್ಲಿ ಕತ್ತರಿಸುತ್ತದೆ, ಅದು 37. ಅಂದರೆ 37ರ ಬ್ಯಾಂಡ್ ಕಂಡರೆ ನೀವು ನೋಡುತ್ತಿರುವುದು ಕೆಳಗಿನ ಕಿಣ್ವ ಮೇಲಿನದಕ್ಕೆ ಕೊಟ್ಟ ಮರುತ್ತರ. ಇದರಿಂದ "ಮೈಟೊಕಾಂಡ್ರಿಯದ ಹಾದಿಯಲ್ಲೇ ಶುರುವಾಯಿತು" ಎಂಬ ತೀರ್ಮಾನಕ್ಕೆ ಬರಲಾಗದು.

ಈ ಎರಡು ಕೊಯ್ತಗಳ ಪರಿಣಾಮ ತದ್ವಿರುದ್ಧ. 315ರಲ್ಲಿ ಕತ್ತರಿಸಿದರೆ ನಾಲ್ಕು ಅಮೈನೊ ಆಮ್ಲಗಳ ಹೊಸ ತುದಿ ಹೊರಬರುತ್ತದೆ, ಎಕ್ಸ್‌ಐಎಪಿ ಎಂಬ ತಡೆ ಪ್ರೋಟೀನ್ ಅದನ್ನು ಹಿಡಿದು ಕಿಣ್ವವನ್ನು ಕಟ್ಟಿಹಾಕುತ್ತದೆ. 330ರಲ್ಲಿ ಕತ್ತರಿಸಿದರೆ ಆ ಹಿಡಿಯೇ ಉದುರಿ ಹೋಗುತ್ತದೆ, ಎಕ್ಸ್‌ಐಎಪಿಗೆ ಹಿಡಿಯಲು ಏನೂ ಉಳಿಯುವುದಿಲ್ಲ. ಕಟ್ಟುವುದಕ್ಕೂ ಬಿಚ್ಚುವುದಕ್ಕೂ ನಡುವೆ 15 ಅಮೈನೊ ಆಮ್ಲಗಳ ಅಂತರ. ಇಡೀ ಅಧ್ಯಾಯದಲ್ಲಿ ನನಗೆ ಅತಿ ಚೆಂದ ಅನ್ನಿಸುವುದು ಇದೇ.

ಜೋಡಿಯಾದರೆ ಸಾಕು ಎಂಬುದಕ್ಕೆ ಚಿಕಿತ್ಸೆಯಲ್ಲೇ ಪುರಾವೆ ಇದೆ. ರೋಗಿಗೆ ಕೊಡುವ ಟಿ ಕೋಶಗಳಲ್ಲಿ ಮಾರ್ಪಡಿಸಿದ ಕ್ಯಾಸ್ಪೇಸ್-9 ಇಟ್ಟು, ಅವು ರೋಗಿಯ ಅಂಗಾಂಶದ ಮೇಲೆಯೇ ತಿರುಗಿಬಿದ್ದರೆ ಎರಡು ಅಣುಗಳನ್ನು ಜೋಡಿಸುವ ಔಷಧ ಕೊಡುತ್ತಾರೆ. 2011ರಲ್ಲಿ ಪ್ರಕಟವಾದ ವರದಿಯಲ್ಲಿ ಒಂದೇ ಡೋಸ್‌ಗೆ 30 ನಿಮಿಷದೊಳಗೆ ಆ ಕೋಶಗಳಲ್ಲಿ 90%ಕ್ಕಿಂತ ಹೆಚ್ಚು ನಾಶವಾದವು. ಅಲ್ಲಿ ಮೈಟೊಕಾಂಡ್ರಿಯದ ಸೈಟೊಕ್ರೋಮ್ ಸಿ ಬೇಕಾಗಿಲ್ಲ, ಅಪೊಪ್ಟೊಸೋಮ್ ಬೇಕಾಗಿಲ್ಲ.

ಗೆಲ್‌ಡಾಕ್

ಎಕ್ಸ್‌ಐಎಪಿ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಕ್ಯಾಸ್ಪೇಸ್-3 ಇರುವ ಕೋಶಗಳಲ್ಲಿ ಕೆಲವೊಮ್ಮೆ 17ರ ಬದಲು 19 ಕಿಲೋಡಾಲ್ಟನ್‌ನ ಬ್ಯಾಂಡ್ ಮಾತ್ರ ದಪ್ಪಗೆ ಬರುತ್ತದೆ. ಆರಂಭಕ ತನ್ನ ಕೆಲಸ ಮುಗಿಸಿದೆ, ಆದರೆ ಎಕ್ಸ್‌ಐಎಪಿ ಸಕ್ರಿಯ ತಾಣವನ್ನು ಮುಚ್ಚಿ ಕೂತಿರುವುದರಿಂದ ಕ್ಯಾಸ್ಪೇಸ್-3 ತನ್ನ ಮುಂಭಾಗದ ತುಣುಕನ್ನು ತಾನೇ ಕಳಚಿಕೊಳ್ಳಲು ಆಗಿಲ್ಲ ಎಂದರ್ಥ. ಅಂಥ ಕೋಶ ಬದುಕಿಯೂ ಉಳಿಯಬಹುದು. ಹಾಗಾಗಿ "ಕತ್ತರಿಸಿದ ಕ್ಯಾಸ್ಪೇಸ್-3 ಇದೆ" ಎಂಬುದಕ್ಕೆ "ಕ್ಯಾಸ್ಪೇಸ್-3 ಕೆಲಸ ಮಾಡುತ್ತಿದೆ" ಎಂಬ ಅರ್ಥ ಹಚ್ಚಬೇಡಿ. 17 ಮತ್ತು 19 ಬೇರೆಬೇರೆಯಾಗಿ ಕಾಣಬೇಕಾದರೆ 15% ಜೆಲ್ ಬೇಕು. ಪಾರ್ಪ್‌ಗೆ 8% ಹಾಕಿ. ಎರಡನ್ನೂ ಒಂದೇ 10% ಜೆಲ್‌ನಲ್ಲಿ ಓಡಿಸಲು ಹೋದರೆ ಎರಡೂ ಕೆಡುತ್ತವೆ.

ಮಾತೃಕೆ

ಮೈಟೊಕಾಂಡ್ರಿಯದ ಕಡೆಯ ಕಥೆ ಯಾರೂ ಹೇಳಲಿಲ್ಲ. ಚಿಕ್ಕದಾಗಿ ಹೇಳುತ್ತೇನೆ.

ಮೈಟೊಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರ ಮಾಡುವವು ಬ್ಯಾಕ್ಸ್ ಮತ್ತು ಬ್ಯಾಕ್. ಅವನ್ನು ತಡೆಯುವವು ಬಿಸಿಎಲ್-2, ಬಿಸಿಎಲ್-ಎಕ್ಸ್‌ಎಲ್, ಎಂಸಿಎಲ್-1. ತಡೆಗಾರರನ್ನು ತಡೆಯುವವು ಪ್ಯೂಮಾ, ನಾಕ್ಸಾ, ಬಿಮ್, ಬಿಡ್ ಮುಂತಾದ ಬಿಎಚ್-3 ಪ್ರೋಟೀನ್‌ಗಳು. ಡಿಎನ್‌ಎಗೆ ಹಾನಿಯಾದಾಗ ಪಿ-53 ಪ್ಯೂಮಾ, ನಾಕ್ಸಾಗಳನ್ನು ಹೆಚ್ಚಿಸುತ್ತದೆ. ಇವ್ಯಾವೂ ಕಿಣ್ವಗಳಲ್ಲ, ಆದರೂ ಕಿಣ್ವಗಳ ಕಡಿವಾಣ ಇವುಗಳ ಕೈಯಲ್ಲೇ ಇದೆ.

ರಂಧ್ರವಾದರೆ ಸೈಟೊಕ್ರೋಮ್ ಸಿ ಹೊರಬಂದು ಅಪಾಫ್-1ಕ್ಕೆ ಅಂಟುತ್ತದೆ; ಡಿಎಟಿಪಿ ಅಥವಾ ಎಟಿಪಿ ಸೇರಿ ಏಳು ಅಪಾಫ್-1 ಅಣುಗಳ ಚಕ್ರ ಕಟ್ಟಿಕೊಳ್ಳುತ್ತದೆ. ಅದೇ ಅಪೊಪ್ಟೊಸೋಮ್. ಉಸಿರಾಟದ ಸರಪಳಿಯ ಸಾಮಾನ್ಯ ಪ್ರೋಟೀನೊಂದು ಸಾವಿನ ಕೆಲಸಕ್ಕೂ ಬರುತ್ತದೆ ಎಂದು 1996ರಲ್ಲಿ ಶಿಯಾವೊಡಾಂಗ್ ವಾಂಗ್ ಅವರ ತಂಡ ಹೀಲಾ ಕೋಶಗಳ ಸಾರವನ್ನು ಬೇರ್ಪಡಿಸಿ ತೋರಿಸಿದಾಗ ಹಲವರಿಗೆ ನಂಬಿಕೆ ಬಂದಿರಲಿಲ್ಲ. ಅದೇ ರಂಧ್ರದಿಂದ ಸ್ಮ್ಯಾಕ್ ಎಂಬ ಇನ್ನೊಂದು ಪ್ರೋಟೀನೂ ಹೊರಬೀಳುತ್ತದೆ, ಅದರ ತುದಿಯ ನಾಲ್ಕು ಅಮೈನೊ ಆಮ್ಲಗಳು ಎಕ್ಸ್‌ಐಎಪಿಯ ಹಿಡಿತವನ್ನು ಬಿಡಿಸುತ್ತವೆ. ಒಂದು ಕಡೆ ಆರಂಭಕ ಏಳುತ್ತದೆ, ಇನ್ನೊಂದು ಕಡೆ ಬೀಗ ಸಡಿಲುತ್ತದೆ. ಎರಡೂ ಒಟ್ಟಿಗೆ ಆಗುವುದರಿಂದಲೇ ಅರ್ಧಂಬರ್ಧ ಸಾವು ಎಂಬುದು ವಿರಳ.

ಎಟಿಪಿ ಪೂರ್ತಿ ಬರಿದಾದ ಕೋಶದಲ್ಲಿ ಈ ಚಕ್ರ ಕಟ್ಟಿಕೊಳ್ಳುವುದಿಲ್ಲ. ಅದೇ ಔಷಧ, ಅದೇ ಕೋಶ, ಆದರೆ ಎಟಿಪಿ ಇಲ್ಲದಿದ್ದರೆ ಅಪೊಪ್ಟೋಸಿಸ್ ಬದಲು ನೆಕ್ರೋಸಿಸ್ (ಕೋಶ ಒಡೆದು ಆಗುವ ಸಾವು). ಸಾರದ ಪ್ರಮಾಣ ವಿಪರೀತ ಏರಿಸಿದಾಗ ಕ್ಯಾಸ್ಪೇಸ್ ಚಟುವಟಿಕೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ಬೆಂಚ್_ನಾಲ್ಕು

ತುಂಬಾ ಉಪಕಾರ ಎಲ್ಲರಿಗೂ. ಕ್ಯಾಸ್ಪೇಸ್-8 ಮತ್ತು 9ರ ಕಿಟ್‌ಗಳನ್ನು ತರಿಸಿ ಯಾವ ಹಾದಿ ಎಂದು ನೋಡಬಹುದೇ? ಐಇಟಿಡಿ ತಲಾಧಾರ (ಕಿಣ್ವ ಕತ್ತರಿಸುವ ಪೆಪ್ಟೈಡ್) 8ಕ್ಕೆ, ಎಲ್‌ಇಎಚ್‌ಡಿ 9ಕ್ಕೆ ಎಂದು ಡಬ್ಬಿಯ ಮೇಲಿದೆ.

ಸಿಸ್ಟೀನ್_163

ದುಡ್ಡು ಉಳಿಸಿ. ಆ ನಾಲ್ಕಕ್ಷರದ ಪೆಪ್ಟೈಡ್‌ಗಳನ್ನು ಕ್ಯಾಸ್ಪೇಸ್-3ವೂ ಕತ್ತರಿಸುತ್ತದೆ. ಕೋಶದಲ್ಲಿ ಅದರ ಪ್ರಮಾಣ ಮತ್ತು ವೇಗ ಎರಡೂ ಹೆಚ್ಚಿರುವುದರಿಂದ ಮೂರೂ ಕಿಟ್‌ಗಳಲ್ಲಿ ಒಂದೇ ಆಕಾರದ ಏರಿಕೆ ಬರುತ್ತದೆ. "8, 9, 3 ಮೂರೂ ಸಕ್ರಿಯ" ಎಂಬ ಸ್ತಂಭಚಿತ್ರಗಳ ಹಿಂದೆ ಎಷ್ಟೋ ಸಲ ಒಂದೇ ಕಿಣ್ವ ಇರುತ್ತದೆ. ಎಂಸಿಎಫ್-7ರಲ್ಲಿ 3 ಇಲ್ಲದಿರುವುದು ಇಲ್ಲಿ ತುಸು ಅನುಕೂಲವೇ, ಆದರೂ ಇದನ್ನೇ ನಂಬಿ ಹಾದಿ ಹೇಳಲಾಗದು. ಹಾದಿ ತಿಳಿಯಬೇಕಾದರೆ ಕ್ಯಾಸ್ಪೇಸ್-8 ಅಥವಾ 9ನ್ನು ಎಸ್‌ಐಆರ್‌ಎನ್‌ಎಯಿಂದ (ಜೀನ್ ಅಡಗಿಸುವ ಚಿಕ್ಕ ಆರ್‌ಎನ್‌ಎ) ಇಳಿಸಿ, ಯಾವುದನ್ನು ಇಳಿಸಿದಾಗ ಸಾವು ನಿಲ್ಲುತ್ತದೆ ನೋಡಿ.

ಕಾರ್ಯನಿರ್ವಾಹಕ ಚಟುವಟಿಕೆ ಅಳೆಯಲು, ಕತ್ತರಿಸಿದಾಗ ಹೊಳೆಯುವ ಎಎಂಸಿ ಬಿಡುವ ಡಿಇವಿಡಿ-ಎಎಂಸಿ ತಲಾಧಾರ ಸಾಕು. ಕ್ಯಾಸ್ಪೇಸ್-7 ಕೂಡ ಅದನ್ನು ಕತ್ತರಿಸುತ್ತದೆ. ಬಫರ್: 50 ಮಿಲಿಮೋಲಾರ್ ಹೆಪೆಸ್ ಪಿಎಚ್ 7.4, 100 ಮಿಲಿಮೋಲಾರ್ ಉಪ್ಪು, 0.1% ಚಾಪ್ಸ್, 1 ಮಿಲಿಮೋಲಾರ್ ಇಡಿಟಿಎ, 10% ಗ್ಲಿಸೆರಾಲ್, ಬಳಸುವಾಗಲೇ ಹಾಕಿದ ತಾಜಾ 10 ಮಿಲಿಮೋಲಾರ್ ಡಿಟಿಟಿ. ಬಾವಿಗೆ 50 ಮೈಕ್ರೊಗ್ರಾಂ ಪ್ರೋಟೀನ್, 50 ಮೈಕ್ರೊಮೋಲಾರ್ ತಲಾಧಾರ, 37 ಡಿಗ್ರಿ, 380ರಲ್ಲಿ ಪ್ರಚೋದನೆ, 460 ನ್ಯಾನೊಮೀಟರ್‌ನಲ್ಲಿ ಓದು. ಐದು ನಿಮಿಷಕ್ಕೊಮ್ಮೆ ಒಂದು ಗಂಟೆ ಓದಿ, ನೇರ ಗೆರೆಯ ಭಾಗದ ಇಳಿಜಾರು ಮಾತ್ರ ತೆಗೆದುಕೊಳ್ಳಿ. ಕೊನೆಯ ಓದನ್ನೊಂದೇ ಹಿಡಿದುಕೊಂಡರೆ ತಲಾಧಾರ ಮುಗಿದದ್ದೂ ಗೊತ್ತಾಗುವುದಿಲ್ಲ.

ಡಿಟಿಟಿ ಹಳೆಯದಾದರೆ ಸಕ್ರಿಯ ಸಿಸ್ಟೀನ್ ಆಕ್ಸಿಡೈಸ್ ಆಗಿ ಓದು ಸೊನ್ನೆಗೆ ಬರುತ್ತದೆ. ಇಡಿಟಿಎ ಬಿಟ್ಟರೆ ಲೇಶಮಾತ್ರ ಸತುವೂ ಕಿಣ್ವವನ್ನು ತಡೆಯುತ್ತದೆ. ಬ್ಲಾಟ್‌ಗೆಂದು ಎಸ್‌ಡಿಎಸ್ ಇರುವ ಬಫರ್‌ನಲ್ಲಿ ತೆಗೆದ ಲೈಸೇಟನ್ನೇ ಇದಕ್ಕೂ ಬಳಸಬೇಡಿ. ಪ್ರತಿ ಮಾದರಿಗೂ ಇನ್ನೊಂದು ಬಾವಿಯಲ್ಲಿ ಕ್ಯಾಸ್ಪೇಸ್ ತಡೆಯುವ ಡಿಇವಿಡಿ-ಆಲ್ಡಿಹೈಡ್ 1 ಮೈಕ್ರೊಮೋಲಾರ್ ಹಾಕಿ. ಅದರಿಂದ ಇಳಿಯದ ಭಾಗ ಕ್ಯಾಸ್ಪೇಸ್‌ನದ್ದಲ್ಲ.

ತುಂಗಾತೀರ

ಗಿಡದ ಸಾರ ಎಂದಿದ್ದೀರಿ, ಅದಕ್ಕೇ ಇರುವ ತೊಂದರೆಗಳು ಬೇರೆ. ಸಾರದಲ್ಲಿರುವ ಪಾಲಿಫಿನಾಲ್‌ಗಳು ಕೋಶಗಳೇ ಇಲ್ಲದ ಬಾವಿಯಲ್ಲೂ ಎಂಟಿಟಿಯನ್ನು ನೇರಳೆ ಮಾಡಬಲ್ಲವು, ಆಗ ಸತ್ತ ಕೋಶಗಳೂ ಬದುಕಿದಂತೆ ಲೆಕ್ಕಕ್ಕೆ ಬರುತ್ತವೆ. ಕೋಶವಿಲ್ಲದ ಮಾಧ್ಯಮಕ್ಕೆ ಸಾರ ಹಾಕಿದ ಬ್ಲ್ಯಾಂಕ್ ಕಡ್ಡಾಯ. ಎಎಂಸಿ ಓದಿನಲ್ಲೂ ಹಾಗೆಯೇ: 380ರ ಬೆಳಕನ್ನು ಫ್ಲೇವನಾಯ್ಡ್‌ಗಳು ನುಂಗಿ ಓದನ್ನು ತಗ್ಗಿಸುತ್ತವೆ. ಸಾರ ಕೊಟ್ಟ ಲೈಸೇಟ್‌ಗೆ ಗೊತ್ತಿರುವಷ್ಟು ಬಿಡಿ ಎಎಂಸಿ ಸೇರಿಸಿ, ಪೂರ್ತಿ ವಾಪಸ್ ಸಿಗುತ್ತದೆಯೇ ನೋಡಿ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಮಾಧ್ಯಮ ಚೆಲ್ಲುವಾಗ. ಸಾಯುತ್ತಿರುವ ಕೋಶಗಳು ತಟ್ಟೆ ಬಿಟ್ಟು ತೇಲುತ್ತವೆ. ಮಾಧ್ಯಮ ತೆಗೆದು ಸಿಂಕ್‌ಗೆ ಸುರಿದು, ಅಂಟಿಕೊಂಡವನ್ನು ಮಾತ್ರ ಕೆರೆದರೆ ಉಳಿದದ್ದು ಬದುಕಿದವರ ಲೈಸೇಟ್. ಮಾಧ್ಯಮ, ತೊಳೆದ ಪಿಬಿಎಸ್, ಟ್ರಿಪ್ಸಿನ್‌ನಿಂದ ಎಬ್ಬಿಸಿದವು ಮೂರನ್ನೂ ಒಂದೇ ಟ್ಯೂಬ್‌ಗೆ ಸೇರಿಸಿ ಸ್ಪಿನ್ ಮಾಡಿ.

ಅನೆಕ್ಸಿನ್ ಅಂಟಲು ಕ್ಯಾಲ್ಸಿಯಂ ಬೇಕೇಬೇಕು, 2.5 ಮಿಲಿಮೋಲಾರ್. ಟ್ರಿಪ್ಸಿನ್ ಜತೆಗಿನ ಇಡಿಟಿಎ ತೊಳೆದು ಹೋಗದಿದ್ದರೆ ಅದು ಕ್ಯಾಲ್ಸಿಯಂ ಕದಿಯುತ್ತದೆ. ಹೆಚ್ಚು ಹೊತ್ತು ಟ್ರಿಪ್ಸಿನ್‌ನಲ್ಲಿ ಬಿಟ್ಟರೆ ಪೊರೆ ಹರಿದು ಸುಳ್ಳು ಧನಾತ್ಮಕ. ಕತ್ತಲಲ್ಲಿ 15 ನಿಮಿಷ, ಒಂದು ಗಂಟೆಯೊಳಗೆ ಯಂತ್ರಕ್ಕೆ. ಪೊರೆ ಕೆಟ್ಟ ಕೋಶಕ್ಕೆ ಮಾತ್ರ ಇಳಿಯುವ ಬಣ್ಣವಾದ ಪ್ರೊಪಿಡಿಯಂ ಅಯೊಡೈಡ್ ಕೂಡ ಹಿಡಿದ ಕೋಶಗಳನ್ನು ಕಣ್ಣುಮುಚ್ಚಿ "ತಡವಾದ ಅಪೊಪ್ಟೋಸಿಸ್" ಎಂದು ಬರೆಯಬೇಡಿ, ನೇರ ನೆಕ್ರೋಸಿಸ್ ಆದವೂ ಅದೇ ಮೂಲೆಯಲ್ಲಿ ಬಂದು ಕೂರುತ್ತವೆ.

ಹಳೇಮೈಕ್ರೊಸ್ಕೋಪ್

ಇಷ್ಟೆಲ್ಲ ಯಾಕೆ, ಝಡ್‌ವ್ಯಾಡ್ ಹಾಕಿ ನೋಡಿದರಾಯಿತು. ಅದು ಎಲ್ಲ ಕ್ಯಾಸ್ಪೇಸ್‌ಗಳನ್ನೂ ತಡೆಯುತ್ತದೆ. ಸಾವು ನಿಂತರೆ ಅಪೊಪ್ಟೋಸಿಸ್, ನಿಲ್ಲದಿದ್ದರೆ ಅಲ್ಲ.

ಸಿಸ್ಟೀನ್_163

ಇದನ್ನು ಒಪ್ಪುವುದು ಕಷ್ಟ, ಸರ್. ನಿಂತರೆ ಕ್ಯಾಸ್ಪೇಸ್ ಪಾತ್ರವಿದೆ ಎನ್ನಬಹುದು. ನಿಲ್ಲದಿದ್ದರೆ ಏನೂ ಹೇಳಲಾಗದು. ಮೈಟೊಕಾಂಡ್ರಿಯ ಒಮ್ಮೆ ತೂತಾದ ಮೇಲೆ ಕ್ಯಾಸ್ಪೇಸ್ ತಡೆದರೂ ಕೋಶ ಉಳಿಯುವುದು ಕಡಿಮೆ, ನಿಧಾನವಾಗಿ ಬೇರೆ ರೂಪದಲ್ಲಿ ಸಾಯುತ್ತದೆ. 48 ಗಂಟೆಯ ಎಂಟಿಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಎರಡನೆಯದು ಇನ್ನೂ ಸ್ವಾರಸ್ಯ. ಕ್ಯಾಸ್ಪೇಸ್-8 ಕೊಲ್ಲುವುದರ ಜತೆಗೆ ಕಾಯುತ್ತದೆ ಕೂಡ. ಆರ್‌ಐಪಿಕೆ-1, ಆರ್‌ಐಪಿಕೆ-3 ಎಂಬ ಕೈನೇಸ್‌ಗಳು ಎಂಎಲ್‌ಕೆಎಲ್ ಮೂಲಕ ಪೊರೆ ಒಡೆಯದಂತೆ ಅವನ್ನು ಕತ್ತರಿಸಿಡುತ್ತದೆ. ಝಡ್‌ವ್ಯಾಡ್ ಹಾಕಿದರೆ ಆ ಕಾವಲು ತಪ್ಪಿ ನೆಕ್ರಾಪ್ಟೋಸಿಸ್ (ಆ ಕೈನೇಸ್‌ಗಳಿಂದ ಪೊರೆ ಒಡೆದು ಆಗುವ ಸಾವು) ಶುರುವಾಗಬಹುದು. ಇಲಿಯ ಎಲ್-929 ಕೋಶಗಳು ಬರೀ ಝಡ್‌ವ್ಯಾಡ್‌ಗೇ ಸಾಯುತ್ತವೆ. ಕ್ಯಾಸ್ಪೇಸ್-8 ತೆಗೆದ ಇಲಿಮರಿಗಳು ಗರ್ಭದಲ್ಲೇ ಸಾಯುತ್ತವೆ, ಜತೆಗೆ ಆರ್‌ಐಪಿಕೆ-3ನ್ನೂ ತೆಗೆದರೆ ಹುಟ್ಟಿ ಬದುಕುತ್ತವೆ ಎಂದು 2011ರಲ್ಲಿ ಗೊತ್ತಾಯಿತು. ಹೀಲಾ ಕೋಶಗಳಲ್ಲಿ ಆರ್‌ಐಪಿಕೆ-3 ಇಲ್ಲದ್ದರಿಂದ ಈ ಗೊಂದಲ ಅಲ್ಲಿ ಕಾಣದು. ಆದ್ದರಿಂದ ಝಡ್‌ವ್ಯಾಡ್ ಒಂದೇ, ಆರ್‌ಐಪಿಕೆ-1 ತಡೆಯುವ ನೆಕ್ರೊಸ್ಟಾಟಿನ್-1 ಒಂದೇ, ಎರಡೂ ಸೇರಿ, ಎರಡೂ ಇಲ್ಲದೆ ಎಂದು ನಾಲ್ಕು ತಟ್ಟೆ ಇಡಬೇಕು.

ಝಡ್‌ವ್ಯಾಡ್ ಕ್ಯಾಥೆಪ್ಸಿನ್, ಕ್ಯಾಲ್ಪೇನ್‌ಗಳನ್ನೂ ತಡೆಯುತ್ತದೆ. 20ರಿಂದ 50 ಮೈಕ್ರೊಮೋಲಾರ್ ಮೀರಬೇಡಿ. ಅಂಥದ್ದೇ ತಡೆಕಾರಿ ಕ್ಯು-ವಿಡಿ ಸಿಕ್ಕರೆ 10ರಿಂದ 20ಕ್ಕೇ ಸಾಕು, ವಿಷತ್ವವೂ ಕಡಿಮೆ. ಯಾವುದೇ ಆಗಲಿ, ಸಾರಕ್ಕಿಂತ ಒಂದು ಗಂಟೆ ಮೊದಲು ಕೊಡಿ. ಕ್ಯಾಸ್ಪೇಸ್ ಎದ್ದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ.

ಹಳೇಮೈಕ್ರೊಸ್ಕೋಪ್

ಒಪ್ಪಿದೆ. ಆದರೆ 24 ಗಂಟೆಯ ಒಂದೇ ಬಿಂದು ಇಟ್ಟುಕೊಂಡು ಇಷ್ಟು ಚರ್ಚೆ ಮಾಡುವುದೂ ಸರಿಯಲ್ಲ. ಒಂದು ಕೋಶದಲ್ಲಿ ಮೈಟೊಕಾಂಡ್ರಿಯ ಸೈಟೊಕ್ರೋಮ್ ಸಿ ಬಿಡುವುದು ಕೆಲವೇ ನಿಮಿಷಗಳ ಕೆಲಸ. ಆ ಕ್ಷಣ ಬರುವುದು ಮಾತ್ರ ಒಂದು ಕೋಶಕ್ಕೆ 4 ಗಂಟೆಗಾದರೆ ಅದರ ಅವಳಿಗೆ 14 ಗಂಟೆಗೆ ಆಗಬಹುದು. ಬ್ಲಾಟ್ ತೋರಿಸುವುದು ಎಲ್ಲವುಗಳ ಸರಾಸರಿ. 24 ಗಂಟೆಯ ಹೊತ್ತಿಗೆ ಬೇಗ ಸತ್ತವು ಒಡೆದು ಕಿಣ್ವಗಳನ್ನು ಮಾಧ್ಯಮಕ್ಕೆ ಬಿಟ್ಟಿರುತ್ತವೆ. 3, 6, 12, 24 ಎಂದು ನಾಲ್ಕು ಬಿಂದು ಇಡಿ. ಹಂತ-ವ್ಯತ್ಯಾಸ ಸೂಕ್ಷ್ಮದರ್ಶಕದಲ್ಲಿ ಗುಳ್ಳೆ ಏಳುವುದನ್ನೂ ನೋಡಿ, ಖರ್ಚಿಲ್ಲದ ಪರೀಕ್ಷೆ ಅದು. ಕೆರ್, ವೈಲಿ, ಕರಿ 1972ರಲ್ಲಿ ಇದನ್ನು ಗುರುತಿಸಿದ್ದು ಕೋಶದ ಆಕಾರ ನೋಡಿಯೇ ಹೊರತು ಕ್ಯಾಸ್ಪೇಸ್ ನೋಡಿ ಅಲ್ಲ.

ರಾಗಿ_ಹೊಲ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಬೆಂಕಿರೋಗದ ಶಿಲೀಂಧ್ರ ತಗುಲಿದ ಜಾಗದ ಸುತ್ತ ನಿರೋಧಕ ತಳಿಯ ಕೋಶಗಳು ತಾವೇ ಸಾಯುತ್ತವಲ್ಲ, ಅಲ್ಲೂ ಕ್ಯಾಸ್ಪೇಸೇ?

ಮಾತೃಕೆ

ಅಲ್ಲ. ಗಿಡಗಳಲ್ಲಿ ನಿಜವಾದ ಕ್ಯಾಸ್ಪೇಸ್ ಇಲ್ಲ. ದೂರದ ನೆಂಟರಾದ ಮೆಟಾಕ್ಯಾಸ್ಪೇಸ್‌ಗಳಿವೆ, ಅವು ಆಸ್ಪಾರ್ಟೇಟ್ ಬದಲು ಆರ್ಜಿನೀನ್ ಅಥವಾ ಲೈಸೀನ್ ಆದ ಮೇಲೆ ಕತ್ತರಿಸುತ್ತವೆ. ಹಾಗಾಗಿ ಡಿಇವಿಡಿ ಕಿಟ್‌ನಿಂದ ಮೆಟಾಕ್ಯಾಸ್ಪೇಸ್ ಅಳೆಯಲು ಹೋಗುವುದು ವ್ಯರ್ಥ. ತಂಬಾಕಿನಲ್ಲಿ ಮೊಸಾಯಿಕ್ ವೈರಸ್ ತಗುಲಿದಾಗ ರಸದಾನಿಯ ವಿಪಿಇ ಎಂಬ ಬೇರೆಯೇ ಪ್ರೋಟಿಯೇಸ್ ಆ ಪಾತ್ರ ವಹಿಸುತ್ತದೆ ಎಂದು 2004ರಲ್ಲಿ ತೋರಿಸಿದ್ದಾರೆ. ಬೇಕಾದರೆ ಬೇರೆ ಎಳೆ ತೆರೆಯಿರಿ, ಅಲ್ಲಿ ಮಾತಾಡೋಣ.

ಬೆಂಚ್_ನಾಲ್ಕು

ಹಾಗಾದರೆ ಯೋಜನೆ ಹೀಗೆ: ನಾಲ್ಕು ಸಮಯಬಿಂದು, ತೇಲುವ ಕೋಶಗಳೂ ಸೇರಿ. ಕ್ಯಾಸ್ಪೇಸ್-7 ಮತ್ತು ಪಾರ್ಪ್ ಬ್ಲಾಟ್. ಡಿಇವಿಡಿ-ಎಎಂಸಿ, ಆಲ್ಡಿಹೈಡ್ ಕಂಟ್ರೋಲ್‌ನೊಂದಿಗೆ. ಕ್ಯು-ವಿಡಿ, ನೆಕ್ರೊಸ್ಟಾಟಿನ್ ನಾಲ್ಕು ತಟ್ಟೆ. ಡಿಎನ್‌ಎ ಏಣಿ ಕೈಬಿಡುತ್ತೇನೆ. ಹಾದಿ ಯಾವುದೆಂದು ಬರೆಯುವುದಿಲ್ಲ, "ಕ್ಯಾಸ್ಪೇಸ್ ಅವಲಂಬಿತ ಸಾವು" ಎಂದಷ್ಟೇ. ಸರಿಯೇ?

ಗೆಲ್‌ಡಾಕ್

ಸರಿ, ಅದೂ ಕ್ಯು-ವಿಡಿ ಸಾವನ್ನು ತಗ್ಗಿಸಿದರೆ ಮಾತ್ರ. ಪಾರ್ಪ್ ತುಂಡಾಗುವುದು ನಿಂತು ಕೋಶಗಳು ಅಷ್ಟೇ ಸಾಯುತ್ತಿದ್ದರೆ, ಕ್ಯಾಸ್ಪೇಸ್ ಎದ್ದದ್ದು ಸಾವಿನ ಜತೆಗೇ ಹೊರತು ಸಾವಿನ ಕಾರಣವಾಗಿ ಅಲ್ಲ. ಆಗ ವಾಕ್ಯ ಬದಲಿಸಿ. ಸಾಧ್ಯವಾದರೆ ಕ್ಯಾಸ್ಪೇಸ್-3 ಮರಳಿ ಸೇರಿಸಿದ ಎಂಸಿಎಫ್-7 ತಳಿ ಎಲ್ಲಾದರೂ ಸಿಗುತ್ತದೆಯೇ ವಿಚಾರಿಸಿ. ಅದೇ ಸಾರ ಅಲ್ಲಿ ಏಣಿ ಮೂಡಿಸಿದರೆ ವಿಮರ್ಶಕರ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಮತ್ತೆ, ಕ್ಯಾಸ್ಪೇಸ್-7ರ 20ರ ತುಂಡಿಗೆ 0.45ರ ಪೊರೆ ಬೇಡ, ಚಿಕ್ಕ ತುಂಡುಗಳು ನುಸುಳಿ ಆಚೆ ಹೋಗುತ್ತವೆ. 0.2 ಮೈಕ್ರೊಮೀಟರ್‌ನ ಪಿವಿಡಿಎಫ್ ತೆಗೆದುಕೊಳ್ಳಿ, ಮೊದಲು ಮೆಥನಾಲ್‌ನಲ್ಲಿ ನೆನೆಸುವುದು ಮರೆಯಬೇಡಿ.